ಕಾಯಿಲ್, ಗ್ಲೈಡ್, ಪಿಕಾಸೊ: ಚಿತ್ರ ಬಾರದಿದ್ದಾಗ ಬಾಯಿ ಬಿಡುವುದು ಯಾವುದು?

ಯುಆರ್‌ಎಲ್ ಕೊಟ್ಟರೆ ಚಿತ್ರ ತಂದು ತೋರಿಸುವ ಕೆಲಸವನ್ನು ಆಂಡ್ರಾಯ್ಡ್‌ನ ಈ ಮೂರೂ ಲೈಬ್ರರಿಗಳು (ಆ್ಯಪ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಚೆನ್ನಾಗಿಯೇ ಮಾಡುತ್ತವೆ. ಎಲ್ಲ ಸರಿ ಇರುವಾಗ ಇವುಗಳಲ್ಲಿ ಯಾವುದನ್ನು ಹಿಡಿದರೂ ನಡೆಯುತ್ತದೆ. ಯಾವುದು ಎಷ್ಟು ಮಿಲಿಸೆಕೆಂಡ್ ಮುಂದೆ ಎಂಬ ಕೋಷ್ಟಕ ನೋಡಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಜವಾದ ವ್ಯತ್ಯಾಸ ಗೊತ್ತಾಗುವುದು ಪರದೆಯ ಮೇಲೆ ಬೂದು ಚೌಕ ಕೂತಾಗ, ಅದೇ ವಿಳಾಸ ಬ್ರೌಸರ್‌ನಲ್ಲಿ ಸಲೀಸಾಗಿ ತೆರೆದುಕೊಂಡಾಗ. ಆದ್ದರಿಂದ ಇಲ್ಲಿನ ಅಳತೆಗೋಲು ಒಂದೇ: ಚಿತ್ರ ಬಾರದಿದ್ದರೆ ಏಕೆ ಬರಲಿಲ್ಲ ಎಂಬುದನ್ನು ಯಾವ ಲೈಬ್ರರಿ ಎಷ್ಟು ಬೇಗ, ಎಷ್ಟು ಬಿಡಿಸಿ ಹೇಳುತ್ತದೆ.

ಕಾಯಿಲ್‌ನಿಂದ ಶುರು ಮಾಡೋಣ. ಪೂರ್ತಿ ಕೋಟ್ಲಿನ್‌ನಲ್ಲಿ ಬರೆದ ಲೈಬ್ರರಿ. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ (ಕೋಟ್ಲಿನ್ ಕೋಡ್‌ನಿಂದಲೇ ಪರದೆ ಕಟ್ಟುವ ಗೂಗಲ್‌ನ ಸಲಕರಣೆ) ಹೊಸ ಆ್ಯಪ್ ಕಟ್ಟುವವರು ಈಗ ಮೊದಲು ಕೈ ಹಾಕುವುದು ಇದಕ್ಕೇ. 2024ರ ನವೆಂಬರ್‌ನಲ್ಲಿ ಬಂದ 3.0 ಆವೃತ್ತಿಯಿಂದ ಐಒಎಸ್, ಡೆಸ್ಕ್‌ಟಾಪ್‌ಗಳಲ್ಲೂ ಓಡುತ್ತದೆ. ಅದಕ್ಕಾಗಿಯೇ ನೆಟ್‌ವರ್ಕ್‌ನ ಭಾಗವನ್ನು ಮೂಲ ಲೈಬ್ರರಿಯಿಂದ ಕಿತ್ತು ಬೇರೆ ಡಿಪೆಂಡೆನ್ಸಿಯಾಗಿ, ಅಂದರೆ ಬೇಕಾದವರು ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಕೋಡ್ ಆಗಿ, ಇಟ್ಟರು. ಕಾಯಿಲ್ 3ಕ್ಕೆ ಬಂದವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಗ್ರೇಡಲ್ ಕಡತದಲ್ಲಿ (ಆ್ಯಪ್ ಕಟ್ಟುವ ಸೂಚನೆಗಳಿರುವ ಕಡತ) ಕಾಯಿಲ್-ಕಂಪೋಸ್ ಸಾಲನ್ನಷ್ಟೇ ಹಾಕಿದರೆ ಕೋಡ್ ಕಂಪೈಲ್ ಆಗುತ್ತದೆ, ಆ್ಯಪ್ ಓಡುತ್ತದೆ, ಆ್ಯಪ್‌ನೊಳಗಿನ ಚಿತ್ರಗಳೂ ಬರುತ್ತವೆ. ವೆಬ್‌ನ ಚಿತ್ರ ಮಾತ್ರ ಒಂದೂ ಬರುವುದಿಲ್ಲ. ಎರರ್ ತೆಗೆದು ನೋಡಿದರೆ 'ಅನೇಬಲ್ ಟು ಕ್ರಿಯೇಟ್ ಎ ಫೆಚರ್ ದಟ್ ಸಪೋರ್ಟ್ಸ್' ಎಂದು ಶುರುವಾಗಿ ನಿಮ್ಮ ಯುಆರ್‌ಎಲ್‌ನಲ್ಲಿ ಮುಗಿಯುವ ಸಾಲು ಇರುತ್ತದೆ. ಯುಆರ್‌ಎಲ್ ಕಣ್ಣಿಗೆ ಬಿದ್ದದ್ದೇ ತಡ, ತಪ್ಪು ವಿಳಾಸದ್ದೇ ಅನ್ನಿಸಿಬಿಡುತ್ತದೆ. ವಿಳಾಸದಲ್ಲಿ ಏನೂ ತಪ್ಪಿಲ್ಲ. ಎಚ್‌ಟಿಟಿಪಿಎಸ್ ವಿಳಾಸವನ್ನು ತರಬಲ್ಲ ಭಾಗವೇ ಆ್ಯಪ್‌ನಲ್ಲಿಲ್ಲ. ಕಾಯಿಲ್-ನೆಟ್‌ವರ್ಕ್-ಓಕೆಎಚ್‌ಟಿಟಿಪಿ ಎಂಬ ಇನ್ನೊಂದು ಸಾಲನ್ನು (ಓಕೆಎಚ್‌ಟಿಟಿಪಿ ಎಂದರೆ ಎಚ್‌ಟಿಟಿಪಿ ಕೋರಿಕೆ ಕಳಿಸುವ ಲೈಬ್ರರಿ) ಅದೇ ಆವೃತ್ತಿ ಸಂಖ್ಯೆಯೊಡನೆ ಸೇರಿಸಿ ಸಿಂಕ್ ಮಾಡಿದರೆ ಸಾಕು, ಕೋಡ್ ಮುಟ್ಟಬೇಕಿಲ್ಲ. ಐಒಎಸ್‌ಗೂ ಬೇಕಿದ್ದರೆ ಅದರ ಬದಲು ಕೆಟಾರ್‌ನ (ಹಲವು ವೇದಿಕೆಗಳಲ್ಲಿ ಓಡುವ ನೆಟ್‌ವರ್ಕ್ ಲೈಬ್ರರಿ) ಭಾಗವನ್ನು ಹಾಕಿ, ಪ್ರತಿ ವೇದಿಕೆಗೂ ಕೆಟಾರ್ ಎಂಜಿನ್ ಒಂದನ್ನು ಬೇರೆಯಾಗಿ ಸೇರಿಸಬೇಕು. ವಿನ್ಯಾಸವಾಗಿ ಇದು ಸರಿಯಾದ ತೀರ್ಮಾನ. ಆದರೆ ಎರರ್ ಸಾಲಿನಲ್ಲೇ 'ನೆಟ್‌ವರ್ಕ್ ಭಾಗ ಸೇರಿಸಿದ್ದೀರಾ?' ಎಂದು ಕೇಳಿದ್ದರೆ ಎಷ್ಟೋ ಜನರ ಒಂದೊಂದು ಸಂಜೆ ಉಳಿಯುತ್ತಿತ್ತು.

ಕಾಯಿಲ್‌ನ ಇನ್ನೊಂದು ದೋಷ ಅದರ ಮೌನ. ನೀವಾಗಿ ಕೇಳದ ಹೊರತು ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್‌ನ ಲಾಗ್ ತೋರಿಸುವ ಸಲಕರಣೆ) ಒಂದು ಸಾಲನ್ನೂ ಬರೆಯುವುದಿಲ್ಲ. ಬಾಯಿ ಬಿಡಿಸಲು ಎರಡು ದಾರಿ. ಕಂಪೋಸ್‌ನಲ್ಲಿ ಚಿತ್ರ ತೋರಿಸುವ ಏಸಿಂಕ್‌ಇಮೇಜ್‌ಗೆ ಆನ್‌ಎರರ್ ಕೊಟ್ಟು, ಅದರ ರಿಸಲ್ಟ್‌ನೊಳಗಿನ ಥ್ರೋಯಬಲ್ (ದೋಷದ ವಿವರ) ಅನ್ನು ಲಾಗ್ ಮಾಡುವುದು ಒಂದು. ಇಮೇಜ್‌ಲೋಡರ್ ಕಟ್ಟುವಾಗಲೇ ಡಿಬಗ್‌ಲಾಗರ್ ಸಿಕ್ಕಿಸುವುದು ಇನ್ನೊಂದು. ಎರಡನೆಯದು ಮೇಲು, ಏಕೆಂದರೆ ಗೆದ್ದ ಕೋರಿಕೆಗಳನ್ನೂ ಅವು ಮೆಮೊರಿಯಿಂದ ಬಂದವೋ ಡಿಸ್ಕ್‌ನಿಂದಲೋ ನೆಟ್‌ವರ್ಕ್‌ನಿಂದಲೋ ಎಂಬ ವಿವರದೊಡನೆ ತೋರಿಸುತ್ತದೆ. ರಿಲೀಸ್ ಬಿಲ್ಡ್‌ನಲ್ಲಿ ಇದನ್ನು ತೆಗೆಯಬೇಕು ಎಂದು ಬೇರೆ ಹೇಳಬೇಕಿಲ್ಲ.

ಗ್ಲೈಡ್‌ನ ಸ್ವಭಾವ ಇದಕ್ಕೆ ತಿರುಗುಮುರುಗು. ಚಿತ್ರ ಬಾರದಿದ್ದರೆ ಯಾರೂ ಕೇಳದಿದ್ದರೂ 'ಲೋಡ್ ಫೇಲ್ಡ್ ಫಾರ್' ಎಂದು ಶುರು ಮಾಡಿ, ಯುಆರ್‌ಎಲ್, ಕೇಳಿದ ಅಗಲ-ಎತ್ತರ, ಕೆಳಗೆ ಮೂಲ ಕಾರಣಗಳ ಸರಣಿ, ಇಷ್ಟನ್ನೂ ಲಾಗ್‌ಗೆ ಸುರಿಯುತ್ತದೆ. ಉದ್ದ ನೋಡಿ ಗಾಬರಿಯಾಗಬೇಡಿ. ಓದಬೇಕಾದ್ದು 'ರೂಟ್ ಕಾಸ್' ಎಂಬುದರ ಕೆಳಗಿನ ಸಾಲನ್ನು ಮಾತ್ರ. ಅಲ್ಲಿ ಸ್ಟೇಟಸ್ ಕೋಡ್ 404 ಎಂದಿದ್ದರೆ ಕಡತವೇ ಇಲ್ಲ, 403 ಎಂದಿದ್ದರೆ ಸರ್ವರ್ ಕೊಡಲು ಒಪ್ಪುತ್ತಿಲ್ಲ. -1 ಎಂದಿದ್ದರೆ ಸರ್ವರ್‌ನಿಂದ ಸರಿಯಾದ ಉತ್ತರವೇ ಬಂದಿಲ್ಲ, ಅಂದರೆ ಪರ್ಮಿಷನ್, ಸರ್ಟಿಫಿಕೇಟ್, ಡಿಎನ್‌ಎಸ್ (ಡೊಮೇನ್ ಹೆಸರನ್ನು ಐಪಿ ವಿಳಾಸವಾಗಿಸುವ ವ್ಯವಸ್ಥೆ), ಟೈಮ್‌ಔಟ್ ಇವುಗಳಲ್ಲೊಂದು. ಇಷ್ಟು ಸಾಲದಿದ್ದರೆ ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಲಕರಣೆ) ಶೆಲ್‌ನಲ್ಲಿ ಸೆಟ್‌ಪ್ರಾಪ್ ಬಳಸಿ ಎಂಜಿನ್ ಎಂಬ ಲಾಗ್ ಟ್ಯಾಗನ್ನು ವರ್ಬೋಸ್ ಮಾಡಿ ಆ್ಯಪ್ ಮತ್ತೆ ತೆರೆಯಿರಿ. ಪ್ರತಿ ಚಿತ್ರ ಹೊಸದಾಗಿ ಇಳಿಯಿತೋ ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ಬಂದಿತೋ ಎಂಬುದು ಸಾಲುಸಾಲಾಗಿ ಕಾಣುತ್ತದೆ. ದೋಷ ಹೇಳುವುದರಲ್ಲಿ ಮೂರರೊಳಗೆ ಗ್ಲೈಡ್‌ಗೇ ಮೊದಲ ಸ್ಥಾನ.

ಹಾಗೆಂದು ಗ್ಲೈಡ್‌ನಲ್ಲಿ ಗುಂಡಿಗಳಿಲ್ಲ ಎಂದಲ್ಲ. ಅತಿ ದೊಡ್ಡದು ಟೈಮ್‌ಔಟ್. ಬೇರೇನೂ ಹೊಂದಿಸದಿದ್ದರೆ ಗ್ಲೈಡ್ ಬಳಸುವುದು ಆಂಡ್ರಾಯ್ಡ್‌ನ ಎಚ್‌ಟಿಟಿಪಿ‌ಯುಆರ್‌ಎಲ್‌ಕನೆಕ್ಷನ್. ಅದಕ್ಕೆ ಇಟ್ಟಿರುವ ಗಡುವು 2500 ಮಿಲಿಸೆಕೆಂಡ್, ಅಂದರೆ ಎರಡೂವರೆ ಸೆಕೆಂಡ್. ಕಚೇರಿಯ ವೈಫೈನಲ್ಲಿ ಇದು ಧಾರಾಳವಾಯಿತು. ಘಟ್ಟದ ಕೆಳಗೆ ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ, ಅಥವಾ ಚಿತ್ರವನ್ನು ಕೇಳಿದಾಗಲೇ ಸಣ್ಣದು ಮಾಡಿ ಕಳಿಸುವ ಸರ್ವರ್ ಎದುರಿಗಿದ್ದಾಗ ಸಾಲುವುದಿಲ್ಲ. 'ಕೆಲವು ಫೋನ್‌ಗಳಲ್ಲಿ ಮಾತ್ರ, ಕೆಲವು ಸಲ ಮಾತ್ರ ಚಿತ್ರ ಬರಲ್ಲ' ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ. ಕೋರಿಕೆಗೆ ಟೈಮ್‌ಔಟ್ ಆಯ್ಕೆಯಲ್ಲಿ 10000 ಕೊಡಿ, ಇಲ್ಲವೇ ಗ್ಲೈಡ್‌ನ ಓಕೆಎಚ್‌ಟಿಟಿಪಿ ಜೋಡಣೆಯನ್ನು ಸೇರಿಸಿ. ಓಕೆಎಚ್‌ಟಿಟಿಪಿಯಲ್ಲಿ ಸಂಪರ್ಕಕ್ಕೂ ಓದುವುದಕ್ಕೂ ಮೊದಲಿಂದಲೇ 10 ಸೆಕೆಂಡ್ ಗಡುವಿದೆ.

ಇನ್ನೊಂದು ಗುಂಡಿ ಇದಕ್ಕಿಂತ ಮೋಸದ್ದು, ಏಕೆಂದರೆ ಇದರಲ್ಲಿ ಎರರೇ ಬರುವುದಿಲ್ಲ. ಇಮೇಜ್‌ವ್ಯೂನ (ಪರದೆಯಲ್ಲಿ ಚಿತ್ರ ಕೂರುವ ಚೌಕಟ್ಟು) ಅಳತೆ ತಿಳಿಯುವವರೆಗೆ ಗ್ಲೈಡ್ ಕೋರಿಕೆಯನ್ನು ಶುರುವೇ ಮಾಡುವುದಿಲ್ಲ. 'ಚಿತ್ರ ಬಂದ ಮೇಲೆ ತೋರಿಸಿದರಾಯಿತು' ಎಂದು ವ್ಯೂವನ್ನು ಗಾನ್ (ಜಾಗವನ್ನೂ ಹಿಡಿಯದಂತೆ ಮರೆ ಮಾಡಿದ) ಸ್ಥಿತಿಯಲ್ಲಿಟ್ಟರೆ ಅದಕ್ಕೆ ಲೇಔಟ್ ಆಗುವುದಿಲ್ಲ, ಅಳತೆ ಸಿಗುವುದಿಲ್ಲ, ಚಿತ್ರ ಬರುವುದಿಲ್ಲ. ಚಿತ್ರ ಬಾರದೆ ನೀವು ವ್ಯೂ ತೋರಿಸುವುದಿಲ್ಲ. ಗಾನ್ ಬದಲು ಇನ್‌ವಿಸಿಬಲ್ ಮಾಡಿ, ಅಥವಾ ಓವರ್‌ರೈಡ್‌ನಲ್ಲಿ ಅಗಲ-ಎತ್ತರ ನೀವೇ ಹೇಳಿ. ರ‍್ಯಾಪ್ ಕಂಟೆಂಟ್ (ಒಳಗಿರುವುದರಷ್ಟೇ ಅಳತೆ) ಇಟ್ಟರೆ ಇನ್ನೊಂದು ತಾಪತ್ರಯ: ಗ್ಲೈಡ್ ಅದನ್ನು ಪರದೆಯಷ್ಟು ದೊಡ್ಡ ಚಿತ್ರ ಬೇಕು ಎಂದು ಅರ್ಥ ಮಾಡಿಕೊಳ್ಳುತ್ತದೆ, ಪಟ್ಟಿಯ ಪುಟ್ಟ ಐಕಾನ್‌ಗೂ ಅಷ್ಟೇ ಮೆಮೊರಿ ಹಿಡಿಯುತ್ತದೆ.

ಲೈಬ್ರರಿ ಬದಲಿಸುವ ಯೋಚನೆಗೆ ಮೊದಲು, ಲೈಬ್ರರಿಗೆ ಸಂಬಂಧವೇ ಇಲ್ಲದ ಕಾರಣಗಳನ್ನು ತಳ್ಳಿಹಾಕಬೇಕು. ಇಂಟರ್‌ನೆಟ್ ಪರ್ಮಿಷನ್ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಪರಿಚಯ ಕಡತ) ಇದೆಯೇ ನೋಡಿ. ಗ್ಲೈಡ್ ಬಳಸುವವರು ಅದನ್ನು ತಾವೇ ಬರೆಯಬೇಕು. (ಫ್ಲಟರ್‌ನವರಿಗೆ ಒಂದು ಮಾತು: ಹೊಸ ಪ್ರಾಜೆಕ್ಟ್‌ನ ಡಿಬಗ್ ಮ್ಯಾನಿಫೆಸ್ಟ್‌ನಲ್ಲಿ ಈ ಪರ್ಮಿಷನ್ ತಾನಾಗಿ ಇರುತ್ತದೆ, ಮುಖ್ಯ ಮ್ಯಾನಿಫೆಸ್ಟ್‌ನಲ್ಲಿ ಇರುವುದಿಲ್ಲ. ಡಿಬಗ್‌ನಲ್ಲಿ ಬಂದ ಚಿತ್ರ ರಿಲೀಸ್‌ನಲ್ಲಿ ಮಾಯವಾಗುವುದು ಹೀಗೆ.) ವಿಳಾಸ ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್‌ಓ ಎಂಬುದು ಮುಂದಿನ ಪ್ರಶ್ನೆ. 2018ರ ಆಂಡ್ರಾಯ್ಡ್ 9ರಿಂದೀಚೆಗೆ, ಎಪಿಐ 28 ಅಥವಾ ಅದಕ್ಕೂ ಮೇಲಿನದನ್ನು ಗುರಿ ಮಾಡಿದ ಆ್ಯಪ್‌ಗಳಲ್ಲಿ ಬರಿಯ ಎಚ್‌ಟಿಟಿಪಿಗೆ ತಡೆಯಿದೆ. ಲಾಗ್‌ನಲ್ಲಿ 'ಕ್ಲಿಯರ್‌ಟೆಕ್ಸ್ಟ್' (ಗೂಢಲಿಪಿ ಇಲ್ಲದ ಸಂಪರ್ಕ) ಎಂಬ ಪದ ಕಂಡರೆ ಬೇರೆ ಹುಡುಕಾಟ ಬೇಡ. ಸರ್ವರ್‌ಗೆ ಎಚ್‌ಟಿಟಿಪಿಎಸ್ ಹಾಕಿಸುವುದೇ ಸರಿಯಾದ ಪರಿಹಾರ. ಅದು ನಿಮ್ಮ ಕೈಯಲ್ಲಿಲ್ಲದಿದ್ದರೆ ನೆಟ್‌ವರ್ಕ್ ಸೆಕ್ಯುರಿಟಿ ಕಾನ್ಫಿಗ್ ಕಡತದಲ್ಲಿ ಆ ಒಂದು ಡೊಮೇನ್‌ಗೆ ಮಾತ್ರ ವಿನಾಯಿತಿ ಕೊಡಿ. ಇಡೀ ಆ್ಯಪ್‌ಗೆ ಕ್ಲಿಯರ್‌ಟೆಕ್ಸ್ಟ್ ತೆರೆದುಬಿಡುವ ಒಂದು ಸಾಲಿನ ಮದ್ದು ಎಲ್ಲೆಡೆ ಸಿಗುತ್ತದೆ. ಮನೆಗೆ ಇಲಿ ಬಂತೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು.

ಸ್ವಂತ ಕಂಪ್ಯೂಟರ್‌ನ ಸರ್ವರ್‌ನಿಂದ ಚಿತ್ರ ತರಿಸುವಾಗ ವಿಳಾಸದಲ್ಲಿ ಲೋಕಲ್‌ಹೋಸ್ಟ್ ಇದ್ದರೆ ಅದು ಫೋನ್ ತನ್ನನ್ನೇ ಕೇಳಿಕೊಂಡಂತೆ. ಎಮ್ಯುಲೇಟರ್‌ನಲ್ಲಿ 10.0.2.2 ಎಂದು ಬರೆಯಬೇಕು. ನಿಜವಾದ ಫೋನನ್ನು ಕೇಬಲ್‌ನಲ್ಲಿ ಜೋಡಿಸಿದ್ದರೆ ಎಡಿಬಿ ರಿವರ್ಸ್ ಆಜ್ಞೆಯಿಂದ ಪೋರ್ಟನ್ನು ತಿರುಗಿಸಿದರೆ ಲೋಕಲ್‌ಹೋಸ್ಟ್ ಎಂದೇ ಇಟ್ಟುಕೊಳ್ಳಬಹುದು. ಕ್ಲಿಯರ್‌ಟೆಕ್ಸ್ಟ್ ತಡೆ ಇವೆರಡಕ್ಕೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಬ್ರೌಸರ್‌ನಲ್ಲಿ ಬರುವುದು ಆ್ಯಪ್‌ನಲ್ಲಿ ಏಕೆ ಬರುವುದಿಲ್ಲ ಎಂಬುದಕ್ಕೆ ಹಲವು ಉತ್ತರಗಳಿವೆ. ತೀರಾ ಮಾಮೂಲಿ ಕಾರಣ, ಅದು ಚಿತ್ರದ ವಿಳಾಸವೇ ಅಲ್ಲದಿರುವುದು. ಗೂಗಲ್ ಡ್ರೈವ್‌ನ ಹಂಚಿಕೆ ಕೊಂಡಿ, ಗಿಟ್‌ಹಬ್‌ನಲ್ಲಿ ಕಡತ ತೆರೆದಾಗ ಮೇಲೆ ಕಾಣುವ ವಿಳಾಸ, ಇವೆಲ್ಲ ಚಿತ್ರವನ್ನು ಒಳಗಿಟ್ಟುಕೊಂಡ ಎಚ್‌ಟಿಎಂಎಲ್ ಪುಟಗಳು. ಸರ್ವರ್ 200 ಎನ್ನುತ್ತದೆ, ಬೈಟ್‌ಗಳೂ ಬರುತ್ತವೆ, ಡಿಕೋಡರ್ ಮಾತ್ರ ಕೈ ಎತ್ತುತ್ತದೆ. ಕಾಯಿಲ್ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಬಿಟ್‌ಮ್ಯಾಪ್‌ಫ್ಯಾಕ್ಟರಿ ನಲ್ ಕೊಟ್ಟಿತು ಎಂದು ವಿವರವಾಗಿಯೇ ಹೇಳುತ್ತದೆ. ಹೊಸ ಆಂಡ್ರಾಯ್ಡ್‌ಗಳಲ್ಲಿ ಇಮೇಜ್‌ಡಿಕೋಡರ್‌ನ 'ಅನ್‌ಇಂಪ್ಲಿಮೆಂಟೆಡ್' ಎಂಬ ಒಗಟಿನ ಪದ ಕಾಣಬಹುದು. ಅರ್ಥ ಒಂದೇ: ಬಂದದ್ದು ನನಗೆ ತಿಳಿದ ಚಿತ್ರವಲ್ಲ. ಎಸ್‌ವಿಜಿ ಆದರೂ ಇದೇ ಪಾಡು. ಕಾಯಿಲ್‌ಗೆ ಎಸ್‌ವಿಜಿ, ಜಿಫ್ ಎರಡಕ್ಕೂ ಬೇರೆ ಬೇರೆ ಡಿಪೆಂಡೆನ್ಸಿ ಬೇಕು. ಗ್ಲೈಡ್ ಕುಣಿಯುವ ಜಿಫ್ ಅನ್ನು ತಾನೇ ತೋರಿಸುತ್ತದೆ, ಎಸ್‌ವಿಜಿಗೆ ಡಿಕೋಡರ್ ಜೋಡಿಸುವ ಕೆಲಸ ನಿಮ್ಮದು. ಹೊಸ ಚಿತ್ರ ರೂಪಗಳಲ್ಲಿ ಅವಿಫ್ ಆಂಡ್ರಾಯ್ಡ್ 12ರಿಂದ ಮಾತ್ರ, ಹೀಫ್ ಕೂಡ ತೀರಾ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಇಲ್ಲ. ಸಿಡಿಎನ್‌ನಲ್ಲಿ (ಕಡತಗಳನ್ನು ಬಳಕೆದಾರರ ಹತ್ತಿರದಿಂದ ಹಂಚುವ ಸರ್ವರ್ ಜಾಲ) 'ಆಟೋ ಫಾರ್ಮ್ಯಾಟ್' ಹಾಕಿಟ್ಟವರು ಹಳೆಯ ಫೋನೊಂದರಲ್ಲಿ ನೋಡುವುದು ಒಳ್ಳೆಯದು.

ಇದನ್ನು ಕಂಪ್ಯೂಟರ್‌ನಲ್ಲೇ ತಿಳಿಯಬಹುದು. ಕರ್ಲ್ ಆಜ್ಞೆಯಿಂದ ಆ ವಿಳಾಸದ ಹೆಡರ್‌ಗಳನ್ನಷ್ಟೇ ತರಿಸಿ, ಸ್ಟೇಟಸ್ ಕೋಡ್ ಮತ್ತು ಕಂಟೆಂಟ್-ಟೈಪ್ ಇವೆರಡನ್ನು ಓದಿ. ಕಂಟೆಂಟ್-ಟೈಪ್‌ನಲ್ಲಿ ಎಚ್‌ಟಿಎಂಎಲ್ ಎಂದಿದ್ದರೆ ಆ್ಯಪ್‌ನಲ್ಲಿ ಹುಡುಕುವುದನ್ನು ನಿಲ್ಲಿಸಿ. ಇಲ್ಲೊಂದು ಕಿರು ಬಲೆ ಇದೆ: ಹೆಡರ್ ಮಾತ್ರ ಕೇಳುವುದೆಂದರೆ ಹೆಡ್ ಕೋರಿಕೆ. ಅಮೆಜಾನ್ ಎಸ್3ಯ (ಕಡತ ಇಡುವ ಕ್ಲೌಡ್ ಸೇವೆ) ಸಹಿ ಮಾಡಿದ ಯುಆರ್‌ಎಲ್ ಅನ್ನು ಗೆಟ್ ಕೋರಿಕೆಗೆಂದು ಮಾಡಿದ್ದರೆ ಹೆಡ್‌ಗೆ 403 ಬರುತ್ತದೆ, ಚಿತ್ರ ಸರಿಯಾಗಿಯೇ ಇದ್ದರೂ. ಅಂಥ ವಿಳಾಸವನ್ನು ಪೂರ್ತಿ ಇಳಿಸಿಯೇ ಪರೀಕ್ಷಿಸಿ.

ಎಸ್3 ಮಾತು ಬಂದದ್ದರಿಂದ, ಕಾಯಿಲ್ ಮತ್ತು ಗ್ಲೈಡ್ ಎರಡರಲ್ಲೂ ಕಾಡುವ ಒಂದು ಪೆಟ್ಟನ್ನು ಹೇಳಲೇಬೇಕು. ಎಪಿಐ ಕರೆಗಳಿಗೆಂದು ಕಟ್ಟಿದ ಓಕೆಎಚ್‌ಟಿಟಿಪಿ ಕ್ಲೈಂಟನ್ನೇ ಚಿತ್ರದ ಲೈಬ್ರರಿಗೂ ಕೊಡುವ ರೂಢಿ ಇದೆ. ಆ ಕ್ಲೈಂಟ್‌ನಲ್ಲಿ ಪ್ರತಿ ಕೋರಿಕೆಗೂ ಲಾಗಿನ್ ಟೋಕನ್ ಅಂಟಿಸುವ ಇಂಟರ್‌ಸೆಪ್ಟರ್ ಇರುತ್ತದೆ. ಸಹಿ ಮಾಡಿದ ಯುಆರ್‌ಎಲ್‌ನ ಜೊತೆಗೆ ಆಥರೈಸೇಷನ್ ಹೆಡರೂ ಹೋದಾಗ ಎಸ್3 'ಎರಡರಲ್ಲಿ ಒಂದೇ ಗುರುತು ಕೊಡು' ಎಂದು 400 ಹಿಂದಿರುಗಿಸುತ್ತದೆ. ಬೇರೆಯವರ ಸರ್ವರ್ ಆದರೆ ಇನ್ನೂ ಕೆಟ್ಟದ್ದು: ಚಿತ್ರ ಬರುತ್ತದೆ, ನಿಮ್ಮ ಬಳಕೆದಾರರ ಟೋಕನ್ ಅತ್ತ ಹೋಗುತ್ತದೆ. ಚಿತ್ರಗಳಿಗೆ ಇಂಟರ್‌ಸೆಪ್ಟರ್ ಇಲ್ಲದ ಬೇರೆ ಕ್ಲೈಂಟ್ ಇರಲಿ. ನಿಮ್ಮದೇ ಸರ್ವರ್‌ನ ಚಿತ್ರಕ್ಕೆ ಟೋಕನ್ ಬೇಕಿದ್ದರೆ ಡೊಮೇನ್ ನೋಡಿಯೇ ಅಂಟಿಸಿ. ಅದೇ ಕ್ಲೈಂಟ್‌ನಲ್ಲಿ ಲಾಗಿಂಗ್ ಇಂಟರ್‌ಸೆಪ್ಟರ್ ಅನ್ನು ಬಾಡಿ ಮಟ್ಟದಲ್ಲಿ ಬಿಟ್ಟಿದ್ದರೆ ಪ್ರತಿ ಚಿತ್ರವೂ ಪೂರ್ತಿ ಮೆಮೊರಿಗೆ ಬಂದೇ ಮುಂದಕ್ಕೆ ಹೋಗುತ್ತದೆ. ಪಟ್ಟಿ ನಿಧಾನ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದು. ಇನ್ನೊಂದು, ಓಕೆಎಚ್‌ಟಿಟಿಪಿ ಒಂದು ಹೋಸ್ಟ್‌ಗೆ ಏಕಕಾಲಕ್ಕೆ 5 ಕೋರಿಕೆಗಳನ್ನಷ್ಟೇ ಬಿಡುತ್ತದೆ. ಒಂದೇ ಸಿಡಿಎನ್‌ನಿಂದ ಗ್ರಿಡ್ ತುಂಬ ಚಿತ್ರ ಬರಬೇಕಾದರೆ ಡಿಸ್ಪ್ಯಾಚರ್‌ನಲ್ಲಿ ಆ ಸಂಖ್ಯೆಯನ್ನು ಏರಿಸಬಹುದು.

403ರ ಇನ್ನೊಂದು ಮೂಲ ಯೂಸರ್-ಏಜೆಂಟ್, ಅಂದರೆ ಕೋರಿಕೆ ಕಳಿಸುವ ಆ್ಯಪ್ ತನ್ನ ಗುರುತು ಹೇಳುವ ಹೆಡರ್. ವಿಕಿಮೀಡಿಯ ಕಾಮನ್ಸ್‌ನಿಂದ ಚಿತ್ರ ತರುವ ಆ್ಯಪ್‌ಗಳು ತಮ್ಮ ಹೆಸರು, ಸಂಪರ್ಕದ ವಿವರ ಇರುವ ಯೂಸರ್-ಏಜೆಂಟ್ ಕಳಿಸಬೇಕೆಂಬುದು ಅಲ್ಲಿನ ನಿಯಮ. ಕನ್ನಡ ವಿಕಿಪೀಡಿಯದ ಲೇಖನಗಳನ್ನು ತೋರಿಸುವ ಆ್ಯಪ್ ಮಾಡುವವರು ಇದನ್ನು ಮೊದಲ ದಿನವೇ ಹಾಕಿಡಲಿ. ಗ್ಲೈಡ್‌ನಲ್ಲಿ ಲೇಜಿಹೆಡರ್ಸ್, ಕಾಯಿಲ್ 3ರಲ್ಲಿ ನೆಟ್‌ವರ್ಕ್‌ಹೆಡರ್ಸ್ ಮೂಲಕ ಸೇರಿಸಬಹುದು.

ಸರ್ಟಿಫಿಕೇಟ್ ತಕರಾರು ಬಂದರೆ ಲಾಗ್‌ನಲ್ಲಿ 'ಟ್ರಸ್ಟ್ ಆ್ಯಂಕರ್' ಎಂಬ ಪದ ಇರುತ್ತದೆ. ಸರ್ವರ್‌ನವರು ನಡುವಿನ ಸರ್ಟಿಫಿಕೇಟನ್ನು ಕಳಿಸಲು ಮರೆತಿದ್ದರೆ ಕ್ರೋಮ್ ಅದನ್ನು ತಾನೇ ಹುಡುಕಿ ತಂದುಕೊಳ್ಳುತ್ತದೆ, ಆ್ಯಪ್ ತಂದುಕೊಳ್ಳುವುದಿಲ್ಲ. ಸರಪಣಿ ಪೂರ್ತಿ ಮಾಡಬೇಕಾದವರು ಸರ್ವರ್‌ನವರು. ಎಲ್ಲ ಸರ್ಟಿಫಿಕೇಟನ್ನೂ ಒಪ್ಪುವ ಟ್ರಸ್ಟ್ ಮ್ಯಾನೇಜರ್ ಬರೆದು ಹಾಕುವುದು ಪರಿಹಾರ ಅಲ್ಲವೇ ಅಲ್ಲ. ವೈಫೈನಲ್ಲಿ ಬಂದು ಮೊಬೈಲ್ ಡೇಟಾದಲ್ಲಿ ಬಾರದಿದ್ದರೆ ಡಿಎನ್‌ಎಸ್ ನೋಡಿ. ಗಿಟ್‌ಹಬ್‌ನ ಕಚ್ಚಾ ಕಡತಗಳ ಡೊಮೇನ್ ನಮ್ಮ ದೇಶದ ಕೆಲವು ಜಾಲಗಳಲ್ಲಿ ಆಗಾಗ ಸಿಗದೇ ಹೋಗುತ್ತದೆ, ಮಾರುವ ಆ್ಯಪ್‌ನ ಚಿತ್ರಗಳನ್ನು ಅಲ್ಲಿಡಬೇಡಿ.

ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟವರಿಗೆ ಸಿಗುವ ತೊಂದರೆ ಬೇರೆಯವರಿಗೆ ಅಷ್ಟಾಗಿ ಸಿಗುವುದಿಲ್ಲ. ಯುಆರ್‌ಎಲ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್, ಪರ್ಸೆಂಟ್ ಎನ್‌ಕೋಡಿಂಗ್ ಆದಾಗ 9 ಅಕ್ಷರ. ಉದ್ದವಾದರೂ ಕೆಲಸ ನಡೆಯುತ್ತದೆ. ಕೆಡುವುದು ಎರಡು ಕಡೆ. ಸರ್ವರ್ ಮೊದಲೇ ಎನ್‌ಕೋಡ್ ಮಾಡಿ ಕಳಿಸಿದ್ದನ್ನು ಆ್ಯಪ್ ಮತ್ತೆ ಎನ್‌ಕೋಡ್ ಮಾಡಿದರೆ ಪರ್ಸೆಂಟ್ ಚಿಹ್ನೆಯೇ %25 ಆಗುತ್ತದೆ. ಹೆಸರಿನ ನಡುವಿನ ಖಾಲಿ ಜಾಗ %20 ಇದ್ದದ್ದು %2520 ಆಗಿ 404 ಬರುತ್ತದೆ. ಲಾಗ್‌ನಲ್ಲಿ %25 ಕಂಡರೆ ಎರಡು ಸಲ ಆಗಿದೆ ಎಂದೇ ತಿಳಿಯಿರಿ. ಎರಡನೆಯದನ್ನು ಕಣ್ಣಿಂದ ಹಿಡಿಯಲಾಗದು. 'ಕೋಲಾರ' ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಕಾರ, ಊ ಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಬೈಟ್‌ಗಳಲ್ಲಿ ಬೇರೆ. ಹಳೆಯ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್ ಸರ್ವರ್‌ಗೆ ಏರಿಸಿದ ಕಡತವನ್ನು ಫೋನಿನ ಕೀಲಿಮಣೆಯಲ್ಲಿ ಬರೆದ ಹೆಸರಿನಿಂದ ಕೇಳಿದರೆ 404. ಏರಿಸುವಾಗಲೇ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ಯೂನಿಕೋಡ್ ರೂಪ) ತನ್ನಿ. ಅದಕ್ಕಿಂತ ಒಳ್ಳೆಯದು, ಕಡತಕ್ಕೆ ಅಂಕೆಯ ಹೆಸರಿಟ್ಟು ಕನ್ನಡದ ಹೆಸರನ್ನು ಡೇಟಾಬೇಸ್‌ನಲ್ಲಿಡುವುದು.

ಚಿತ್ರ ಬಂದ ಮೇಲೂ ತೊಂದರೆ ಮುಗಿಯುವುದಿಲ್ಲ. ಸರ್ವರ್‌ನಲ್ಲಿ ಪ್ರೊಫೈಲ್ ಚಿತ್ರ ಬದಲಾದರೂ ಆ್ಯಪ್ ಹಳೆಯದನ್ನೇ ತೋರಿಸುವುದು ಕ್ಯಾಶ್‌ನಿಂದ. ಗ್ಲೈಡ್‌ನ ಡಿಸ್ಕ್ ಕ್ಯಾಶ್ ಮೊದಲಿಂದಲೂ ಸರ್ವರ್‌ನ ಕ್ಯಾಶ್-ಕಂಟ್ರೋಲ್ ಹೆಡರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಯಿಲ್ 2 ಪಾಲಿಸುತ್ತಿತ್ತು, ಕಾಯಿಲ್ 3 ಪಾಲಿಸುವುದಿಲ್ಲ. ಬೇಕಿದ್ದರೆ ಅದಕ್ಕೂ ಬೇರೆ ಡಿಪೆಂಡೆನ್ಸಿ ಇದೆ. 2ರಿಂದ 3ಕ್ಕೆ ಹೋದ ಆ್ಯಪ್‌ಗಳಲ್ಲಿ ಸದ್ದಿಲ್ಲದೆ ಬದಲಾಗುವ ವರ್ತನೆ ಇದು. ಯುಆರ್‌ಎಲ್‌ನ ಕೊನೆಗೆ ಆವೃತ್ತಿ ಸಂಖ್ಯೆ ಸೇರಿಸುವುದು ಎಲ್ಲ ಲೈಬ್ರರಿಗೂ ನಡೆಯುವ ಉಪಾಯ. ಸಹಿ ಮಾಡಿದ ವಿಳಾಸಗಳಲ್ಲಿ ಇದರ ಉಲ್ಟಾ ಆಗುತ್ತದೆ: ಪ್ರತಿ ಸಲ ಸಹಿ ಬದಲಾಗಿ, ಅದೇ ಚಿತ್ರ ಮತ್ತೆ ಮತ್ತೆ ಇಳಿದು ಬಳಕೆದಾರರ ಡೇಟಾ ಖರ್ಚಾಗುತ್ತದೆ. ಕಾಯಿಲ್‌ನಲ್ಲಿ ಮೆಮೊರಿ ಮತ್ತು ಡಿಸ್ಕ್ ಕ್ಯಾಶ್ ಕೀಗಳನ್ನು ಸಹಿ ಬಿಟ್ಟು ಬರೆಯಿರಿ, ಗ್ಲೈಡ್‌ನಲ್ಲಿ ಗ್ಲೈಡ್‌ಯುಆರ್‌ಎಲ್‌ನ ಕ್ಯಾಶ್ ಕೀ ಭಾಗವನ್ನು ಓವರ್‌ರೈಡ್ ಮಾಡಿ.

ಅಳತೆಯ ವಿಷಯಕ್ಕೆ ಬಂದರೆ ಲೆಕ್ಕ ಸರಳ. ಫೋನ್ ಕ್ಯಾಮೆರಾದ 4000×3000 ಚಿತ್ರ ಜೆಪೆಗ್ ಆಗಿ 3 ಎಂಬಿ ಇರಬಹುದು. ಬಿಡಿಸಿಟ್ಟಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ. ಅದನ್ನೇ 1080×810ಕ್ಕೆ ಇಳಿಸಿದರೆ ಮೂರೂವರೆ ಎಂಬಿ. ಕಾಯಿಲ್‌ನ ಏಸಿಂಕ್‌ಇಮೇಜ್ ಇದನ್ನು ತಾನೇ ನೋಡಿಕೊಳ್ಳುತ್ತದೆ, ಆದರೆ ರಿಮೆಂಬರ್‌ಏಸಿಂಕ್‌ಇಮೇಜ್‌ಪೇಂಟರ್ ಬಳಸಿದರೆ ಮೂಲ ಅಳತೆಯಲ್ಲೇ ಬಿಡಿಸುತ್ತದೆ. ಪಟ್ಟಿಯಲ್ಲಿ ಇದನ್ನು ಬಳಸಿ, ಸ್ಕ್ರೋಲ್ ಮಾಡಿದಾಗ ಆ್ಯಪ್ ಸತ್ತರೆ ಆಶ್ಚರ್ಯವಿಲ್ಲ. ಆ ಪೇಂಟರ್ ಬೇಕೇ ಬೇಕೆಂದರೆ ಕೋರಿಕೆಯಲ್ಲಿ ಸೈಜ್ ಬರೆಯಿರಿ.

ಪಿಕಾಸೊ ಬಗ್ಗೆ ಕಡಿಮೆ ಮಾತು ಸಾಕು. 2013ರಲ್ಲಿ ಸ್ಕ್ವೇರ್ ಸಂಸ್ಥೆ ತಂದಾಗ ಎಲ್ಲರಿಗೂ ದಾರಿ ತೋರಿಸಿದ್ದು ಇದೇ. ಈಗ ಹೊಸ ಆ್ಯಪ್‌ಗೆ ಹಾಕಲು ಕಾರಣ ಕಾಣುವುದಿಲ್ಲ. ಆದರೂ ಅದರ ಒಂದು ಸೌಲಭ್ಯ ಇಂದಿಗೂ ಮೆಚ್ಚುವಂಥದ್ದು. ಇಂಡಿಕೇಟರ್ ಆನ್ ಮಾಡಿದರೆ ಪ್ರತಿ ಚಿತ್ರದ ಮೂಲೆಯಲ್ಲಿ ಪುಟ್ಟ ತ್ರಿಕೋನ ಮೂಡುತ್ತದೆ: ನೆಟ್‌ವರ್ಕ್‌ನಿಂದ ಬಂದಿದ್ದರೆ ಕೆಂಪು, ಡಿಸ್ಕ್‌ನಿಂದ ನೀಲಿ, ಮೆಮೊರಿಯಿಂದ ಹಸಿರು. ಎರಡನೇ ಸಲ ತೆರೆದಾಗಲೂ ಪಟ್ಟಿ ಪೂರ್ತಿ ಕೆಂಪಾಗಿದ್ದರೆ ಕ್ಯಾಶ್ ಕೆಲಸ ಮಾಡುತ್ತಿಲ್ಲ ಎಂದು ಲಾಗ್ ತೆರೆಯದೆಯೇ ಗೊತ್ತಾಗುತ್ತದೆ. ಹಳೆಯ ಆ್ಯಪ್‌ನಲ್ಲಿ ಪಿಕಾಸೊ ಇದ್ದು, ಟಾರ್ಗೆಟ್ (ಬಂದ ಚಿತ್ರವನ್ನು ಪಡೆಯುವ ವಸ್ತು) ಬಳಸಿದ ಕಡೆ ಚಿತ್ರ ಒಮ್ಮೆ ಬಂದು ಒಮ್ಮೆ ಬಾರದಿದ್ದರೆ, ಆ ಟಾರ್ಗೆಟ್ ಅನ್ನು ಕ್ಲಾಸಿನ ಫೀಲ್ಡ್ ಆಗಿ ಹಿಡಿದಿಡಿ. ಪಿಕಾಸೊ ಅದನ್ನು ವೀಕ್ ರೆಫರೆನ್ಸ್‌ನಲ್ಲಷ್ಟೇ ಇಟ್ಟುಕೊಳ್ಳುವುದರಿಂದ ಗಾರ್ಬೇಜ್ ಕಲೆಕ್ಟರ್ ಒಯ್ದುಬಿಡುತ್ತದೆ.

ಯಾವುದನ್ನು ಆರಿಸಬೇಕೆಂದರೆ, ಕಂಪೋಸ್‌ಗೆ ಕಾಯಿಲ್ 3, ಡಿಬಗ್‌ಲಾಗರ್ ಜೊತೆಗೆ. ರಿಸೈಕ್ಲರ್‌ವ್ಯೂ (ಉದ್ದ ಪಟ್ಟಿ ತೋರಿಸುವ ವ್ಯೂ) ತುಂಬಿದ ಹಳೆಯ ಆ್ಯಪ್‌ನಲ್ಲಿ ಗ್ಲೈಡ್ ನಡೆಯುತ್ತಿದ್ದರೆ ಕೀಳಬೇಡಿ, ಟೈಮ್‌ಔಟ್ ಏರಿಸಿ ಮುಂದುವರಿಯಿರಿ. ಕಾಯಿಲ್ 2ರಲ್ಲಿ ಇರುವವರು ಒಂದೇ ರಾತ್ರಿಯಲ್ಲಿ 3ಕ್ಕೆ ಜಿಗಿಯಬೇಕಿಲ್ಲ. ಪ್ಯಾಕೇಜ್ ಹೆಸರೂ ಮಾವೆನ್ ಹೆಸರೂ ಬೇರೆಯಾದ್ದರಿಂದ ಎರಡನ್ನೂ ಒಂದೇ ಆ್ಯಪ್‌ನಲ್ಲಿಟ್ಟು ಪರದೆ ಪರದೆಯಾಗಿ ಬದಲಿಸಬಹುದು. ಅಲ್ಲಿಯವರೆಗೆ ಇಂಪೋರ್ಟ್ ಸಾಲುಗಳ ಮೇಲೆ ಕಣ್ಣಿರಲಿ: 3ರ ಏಸಿಂಕ್‌ಇಮೇಜ್‌ಗೆ 2ರ ಇಮೇಜ್‌ರಿಕ್ವೆಸ್ಟ್ ಕೊಟ್ಟರೆ ಕಂಪೈಲರ್ ಸುಮ್ಮನಿರುತ್ತದೆ, ಓಡುವಾಗ ಮಾತ್ರ ಚಿತ್ರ ಬರುವುದಿಲ್ಲ.